ದಾತುಕರಿಗೊಂದು ಅಗ್ಗದ ಕೋವಿ

ನರಹರಿ ಕೋವಿಯನ್ನು ಕೈಯಲ್ಲಿ ಹಿಡಿದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಮೈಸೂರಿನ ದಸರಾ ವಸ್ತುಪ್ರದರ್ಶನದ ಬಲೂನು ಅಂಗಡಿಯಲ್ಲಿ. ಐದು ಏಟಿಗೆ ಒಂದು ಬಲೂನೂ ಒಡೆಯಲಿಲ್ಲ. ಐದನೆಯ ಏಟಿಗೆ ಅಂಗಡಿಯವನ ತಲೆಯ ಮೇಲೆ ತೂಗುತ್ತಿದ್ದ ಬಲ್ಬು ಒಡೆಯಿತು. ಅಂಥ ಮನುಷ್ಯ ತನ್ನ ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಕ್ವಾಲಾಲಂಪುರದ ಪೊಲೀಸ್ ಠಾಣೆಯೊಂದರಲ್ಲಿ, ಕೋವಿಯ ಸಲುವಾಗಿ ಮೂರು ಗಂಟೆ ಕೂತಿದ್ದ ಎಂದರೆ ಅದಕ್ಕೆ ಕಾರಣ ಅವನ ಬಾಯಿಂದ ಜಾರಿದ ಒಂದೇ ಒಂದು ಮಾತು.

ಇದು ನಡೆದದ್ದು ೨೦೧೨ರ ಆಗಸ್ಟ್ ತಿಂಗಳ ಕೊನೆಯಲ್ಲಿ, ರಂಜಾನ್ ಮುಗಿದ ಮೇಲೆ. ನರಹರಿ ಆಗ ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರದ ವಿಭಾಗ ನೋಡಿಕೊಳ್ಳುತ್ತಿದ್ದ. ಯಾವ ಕಂಟೇನರಿನಲ್ಲಿ ಏನಿದೆ, ಎಷ್ಟಿದೆ, ಯಾವ ಬಂದರಿಗೆ ಎಂದು ತಪ್ಪಿಲ್ಲದೆ ಬರೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬ್ರಿಕ್‌ಫೀಲ್ಡ್ಸ್‌ನ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಹೆಂಡತಿ ಅನಿತಾ, ಮಗಳು ಅನನ್ಯ, ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿಳಿದಿದ್ದ ಅತ್ತೆ ಕಾಂತಮ್ಮ ಇದ್ದರು. ಎಲ್ಲವೂ ಚೆನ್ನಾಗಿಯೇ ಇತ್ತು, ಒಂದು ಚಿಂತೆ ಬಿಟ್ಟು. ಅವನ ಕೆಲಸದ ಪಾಸಿನ ಅವಧಿ ಮುಗಿಯಲು ಆರೇ ವಾರ ಉಳಿದಿತ್ತು. ನವೀಕರಣದ ಅರ್ಜಿ ಮಾಲೀಕರ ಮೇಜಿನ ಮೇಲೆ ಇಪ್ಪತ್ತು ದಿನಗಳಿಂದ ಸಹಿಯಿಲ್ಲದೆ ಮಲಗಿತ್ತು.

ಮಾಲೀಕರು ದಾತುಕ್ ಹಮ್ದಾನ್. ದಾತುಕ್ ಎಂಬುದು ಅಲ್ಲಿ ಗಣ್ಯರಿಗೆ ಕೊಡುವ ಬಿರುದು, ನಮ್ಮಲ್ಲಿ ಹಿಂದೆ ರಾವ್ ಬಹಾದ್ದೂರ್ ಇದ್ದ ಹಾಗೆ. ಅರವತ್ತು ದಾಟಿದ ಸ್ಥೂಲಕಾಯದ ಮನುಷ್ಯ. ಅವರ ಬಾಯಲ್ಲಿ ನರಹರಿ ಎಂಬ ಹೆಸರು ಎಂಟು ವರ್ಷಗಳಿಂದ 'ನಾರಿ' ಎಂದೇ ಹೊರಳುತ್ತಿತ್ತು. ಕನ್ನಡ ಬಲ್ಲವರು ಆಫೀಸಿನಲ್ಲಿ ಬೇರಾರೂ ಇಲ್ಲದ್ದರಿಂದ ಅವನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ದಾತುಕ್ ಐದಾರು ಜನರನ್ನು ಎದುರಿನ ಮಾಮಕ್, ಎಂದರೆ ತಮಿಳು ಮುಸ್ಲಿಮರ, ಹೋಟೆಲಿಗೆ ಊಟಕ್ಕೆ ಕರೆದೊಯ್ದರು. ಪರೋಟದಂಥ ರೊಟ್ಟಿ ಚನಾಯ್ ಬರುವಷ್ಟರಲ್ಲಿ ತಮ್ಮ ಫೋನನ್ನು ಸುತ್ತ ಹಾಯಿಸಿದರು. ಅದರಲ್ಲಿ ಅವರ ಅಳಿಯನ ಚಿತ್ರ. ಅಳಿಯ ಅಮೆರಿಕದ ಒಹಾಯೋದಲ್ಲಿ ಡಾಕ್ಟರು. ಹಿಮದ ಮೇಲೆ ಮಂಡಿಯೂರಿ, ಸತ್ತ ಜಿಂಕೆಯೊಂದರ ಕೊಂಬು ಹಿಡಿದು ಹಲ್ಲು ಕಿಸಿದಿದ್ದ.

"ನವೆಂಬರಿನಲ್ಲಿ ನನ್ನನ್ನೂ ಕರೆದಿದ್ದಾನೆ" ಎಂದರು ದಾತುಕ್.

ಮೇಜಿನ ಸುತ್ತ ಇದ್ದವರೆಲ್ಲ ಏನಾದರೊಂದು ಹೇಳಿದರು. ಅಕೌಂಟ್ಸಿನವನು ತನ್ನ ಮಾವನ ಕಾಡುಹಂದಿಯ ಕಥೆ ಹೇಳಿದ. ಗೋದಾಮಿನ ಮ್ಯಾನೇಜರು ತನ್ನ ಸೈನ್ಯದ ದಿನಗಳನ್ನು ನೆನೆದ. ನರಹರಿಯ ಸರದಿ ಬಂತು. ಸುಮ್ಮನಿದ್ದರೆ ದಾತುಕರ ಕಣ್ಣಿಗೆ ಬೀಳುವುದು ಹೇಗೆ, ಸಹಿ ಬೀಳುವುದು ಹೇಗೆ? ಅವನು ಗಂಟಲು ಸರಿಮಾಡಿಕೊಂಡು, "ನಾನು ಕೊಡಗಿನ ಕಡೆಯವನು ದಾತುಕ್. ಅಲ್ಲಿ ಮನೆಮನೆಯಲ್ಲೂ ಕೋವಿ ಇರುತ್ತೆ" ಎಂದ.

ಇದರಲ್ಲಿ ಸುಳ್ಳೇನಿದೆ? ಅವನ ತಂದೆ ಬ್ಯಾಂಕಿನಲ್ಲಿದ್ದರು, ವಿರಾಜಪೇಟೆಗೆ ವರ್ಗವಾಗಿ ಮೂರು ವರ್ಷ ಇದ್ದರು. ಅಲ್ಲಿ ಮನೆಮನೆಯಲ್ಲೂ ಕೋವಿ ಇತ್ತು. ಇವರ ಮನೆಯಲ್ಲಿ ಇರಲಿಲ್ಲ, ಅಷ್ಟೇ.

ದಾತುಕರ ಕೈಯಲ್ಲಿದ್ದ ರೊಟ್ಟಿ ಅರ್ಧ ದಾರಿಯಲ್ಲಿ ನಿಂತಿತು. "ಅಯ್ಯೋ ನಾರಿ! ಎಂಟು ವರ್ಷ ಇದನ್ನ ಯಾಕೆ ಹೇಳಲಿಲ್ಲ? ನೀನು ಎಷ್ಟು ಹೊಡೆದಿದ್ದೀಯ?"

"ಲೆಕ್ಕ ಇಟ್ಟಿಲ್ಲ ದಾತುಕ್."

ಇದೂ ನಿಜವೇ. ಸೊನ್ನೆಯನ್ನು ಯಾರು ಲೆಕ್ಕ ಇಡುತ್ತಾರೆ?

ಊಟ ಮುಗಿದ ಮೇಲೆ ದಾತುಕ್ ಅವನನ್ನು ಒಬ್ಬನನ್ನೇ ಪಕ್ಕಕ್ಕೆ ಕರೆದರು. "ನೋಡು. ಒಹಾಯೋದಲ್ಲಿ ಜಿಂಕೆಗೆ ರೈಫಲ್ ಬಿಡಲ್ಲ. ಸ್ಲಗ್ ಶಾಟ್‌ಗನ್ನೇ ಆಗಬೇಕಂತೆ. ಅಳಿಯ ಎರಡು ಸಾವಿರ ಡಾಲರಿನದೊಂದು ತೆಗೆದಿಟ್ಟಿರ್ತೀನಿ ಅಂತಾನೆ. ವರ್ಷಕ್ಕೆ ಒಂದು ವಾರ ಹಿಡಿಯೋ ಸಾಮಾನಿಗೆ ನನ್ನ ದುಡ್ಡು ಎರಡು ಸಾವಿರ! ನೀನು ಗೊತ್ತಿರೋನು. ಅಗ್ಗದ್ದು, ಆದರೆ ಒಳ್ಳೇದು, ಯಾವುದು ಅಂತ ಸೋಮವಾರದೊಳಗೆ ಹೇಳು. ನಾನು ಅಗ್ಗದ್ದು ಹುಡುಕ್ತಿದ್ದೀನಿ ಅಂತ ಅಳಿಯನಿಗೆ ಗೊತ್ತಾಗಬಾರದು, ಆಯ್ತಾ? ನಿನ್ನ ಪಾಸಿನ ಕಾಗದಾನೂ ಸೋಮವಾರವೇ ನೋಡೋಣ ಲಾ." ಲಾ ಎಂಬುದು ಅಲ್ಲಿನವರ ಮಾತಿನ ಬಾಲ, ನಮ್ಮ 'ಕಣೋ' ಇದ್ದ ಹಾಗೆ.

ನರಹರಿ ಸಂಜೆ ರೈಲು ಹಿಡಿದು ಮನೆಗೆ ಬಂದವನೇ ಕಂಪ್ಯೂಟರಿನಲ್ಲಿ 'ಸ್ಲಗ್' ಎಂದು ಹುಡುಕಿದ. ಪರದೆಯ ತುಂಬ ಚಿಪ್ಪಿಲ್ಲದ ಬಸವನಹುಳುಗಳು ಲೋಳೆ ಸುರಿಸುತ್ತ ಹರಿದಾಡಿದವು.

ಹಿಂದೆ ನಿಂತಿದ್ದ ಎಂಟು ವರ್ಷದ ಅನನ್ಯ, "ಅಪ್ಪಾ, ದಟ್ಸ್ ಅ ಸ್ಲಗ್. ಇಟ್ ಈಟ್ಸ್ ಕ್ಯಾಬೇಜ್" ಎಂದಳು.

ಇಷ್ಟು ಚಿಕ್ಕ ಹುಳುವಿಗೆ ಕೋವಿ ಯಾಕೆ, ಅದಕ್ಕೂ ಜಿಂಕೆಗೂ ಏನು ಸಂಬಂಧ ಎಂದು ಒಂದು ಗಂಟೆ ತಲೆಕೆಡಿಸಿಕೊಂಡ ಮೇಲೆ ನಿಜ ಹೊರಬಂತು. ಮಾಮೂಲು ಶಾಟ್‌ಗನ್ನಿನ ತೋಟಾದಲ್ಲಿ ಸಾಸಿವೆ ಕಾಳಿನಂಥ ಗುಂಡುಗಳು ನೂರಾರು ಇರುತ್ತವೆ. ಅದರ ಬದಲು ಸೀಸದ ಒಂದೇ ಒಂದು ದಪ್ಪ ಗುಂಡು ಇದ್ದರೆ ಅದು ಸ್ಲಗ್. ಅಷ್ಟು ತಿಳಿದದ್ದೇ ತಡ, ನರಹರಿಯೊಳಗಿನ ಗುಮಾಸ್ತ ಎದ್ದು ಕೂತ. ನಳಿಗೆಯ ಒಳಗೆ ಸುರುಳಿ ಗೆರೆ ಇದ್ದರೆ ಗುರಿ ನೇರ, ಇಲ್ಲದಿದ್ದರೆ ಹತ್ತಿರದಿಂದ ಮಾತ್ರ. ಹನ್ನೆರಡನೇ ನಂಬರಿನದು ಇಪ್ಪತ್ತನೇ ನಂಬರಿಗಿಂತ ದೊಡ್ಡದು. ಯಾಕೆ ಹಾಗೆ ಎಂದು ಕೇಳಬಾರದು. ಹೆಗಲಿಗೆ ಹೊಡೆಯುವ ಒದೆತ ಹಗುರ ಕೋವಿಯಲ್ಲಿ ಹೆಚ್ಚು, ಭಾರದ ಕೋವಿಯಲ್ಲಿ ಕಡಿಮೆ. ಒಂದೊಂದನ್ನೂ ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡ. ಕನ್ನಡದಲ್ಲೇ ಯಾಕೆಂದರೆ, ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡವರಿಗೆ ಆ ದೇಶದಲ್ಲಿ ಜೈಲು ಮತ್ತು ಬೆತ್ತದೇಟು, ಕೋವಿಯ ಕಳ್ಳವ್ಯಾಪಾರಕ್ಕೆ ನೇಣು ಎಂದು ಅದೇ ಹುಡುಕಾಟದಲ್ಲಿ ಓದಿದ್ದ. ತಾನು ಬರೀ ಓದುತ್ತಿದ್ದೇನೆ, ಕೋವಿ ಇರುವುದು ಅಮೆರಿಕದಲ್ಲಿ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳಲಿಲ್ಲ. ಲಿಫ್ಟು ತಮ್ಮ ಮಹಡಿಯಲ್ಲಿ ನಿಂತ ಸದ್ದಾದರೆ ಸಾಕು, ಕಂಪ್ಯೂಟರನ್ನು ಫಕ್ಕನೆ ಮುಚ್ಚುತ್ತಿದ್ದ. ಅನಿತಾಗೆ ಹೇಳಲಿಲ್ಲ. ಅವಳಿಗೆ ಬಲ್ಬಿನ ಕಥೆ ಗೊತ್ತಿತ್ತು.

ಶುಕ್ರವಾರ ಸಂಜೆ ಒಂದು ಸಂಶಯ ಬಗೆಹರಿಯದೆ ಪಕ್ಕದ ಮನೆಯ ಬಾಗಿಲು ತಟ್ಟಿದ. ಅಲ್ಲಿದ್ದವರು ದಾವಣಗೆರೆಯ ನಿಜಾಮುದ್ದೀನ್, ಮೆಕ್ಯಾನಿಕಲ್ ಎಂಜಿನಿಯರು. ಸುರುಳಿ ಗೆರೆಯ ಮರ್ಮ ಅವರಿಗೆ ಗೊತ್ತಿರಬಹುದು ಎಂದು ನರಹರಿಯ ಎಣಿಕೆ. ನಿಜಾಮುದ್ದೀನರು ಬಹಳ ಒಳ್ಳೆಯ ಮನುಷ್ಯ. ಮುಂದಿನ ಅನಾಹುತಕ್ಕೆಲ್ಲ ಆ ಒಳ್ಳೆಯತನವೇ ಮೂಲ.

"ಸಾಹೇಬ್ರೇ, ಒಂದು ವಿಷಯ. ಯಾರಿಗೂ ಹೇಳಬಾರದು" ಎಂದ ನರಹರಿ, ದನಿ ತಗ್ಗಿಸಿ.

"ಹೇಳ್ರೀ, ಏನ್ ವಿಷಯ?"

"ಒಂದು ಕೋವಿ ಬೇಕಾಗಿದೆ. ಅಗ್ಗದ್ದು."

ನಿಜಾಮುದ್ದೀನರು ಎದ್ದು ಹೋಗಿ ಕಿಟಕಿಯ ಪರದೆ ಎಳೆದು ಬಂದರು. "ಯಾರಿಗ್ರೀ?"

"ದಾತುಕ್‌ಗೆ."

"ದಾತುಕ್‌ಗಾ!" ನಿಜಾಮುದ್ದೀನರು ಸೋಫಾದ ತುದಿ ಹಿಡಿದುಕೊಂಡರು. "ಯಾವಾಗ?"

"ಸೋಮವಾರದೊಳಗೆ ಮುಗಿಸಬೇಕು. ನನ್ನ ಪಾಸಿಗೆ ಇನ್ನೂ ಸೈನ್ ಹಾಕಿಲ್ಲ ನೋಡಿ ಅವರು."

"ಅಲ್ರೀ, ಒಂದು ಸೈನ್ ಹಾಕ್ಲಿಲ್ಲ ಅಂತ... ಇಷ್ಟಕ್ಕೆಲ್ಲ ಕೋವಿ ಹಿಡಿತಾರೇನ್ರೀ? ಕೂತು ಮಾತಾಡಿದ್ರೆ ಆಗಲ್ವಾ?"

"ಮಾತೆಲ್ಲ ಆಗಿದೆ ಸಾಹೇಬ್ರೇ. ಬೇರೆ ದಾರಿ ಉಳಿದಿಲ್ಲ. ಗುರಿ ತಪ್ಪದೇ ಇರಬೇಕು ಅಂದ್ರೆ ನಳಿಗೆ ಒಳಗೆ ಗೆರೆ ಇರಬೇಕಾ, ಇಲ್ದಿದ್ರೂ ನಡೆಯುತ್ತಾ?"

ನಿಜಾಮುದ್ದೀನರು ತಲೆ ಅಡ್ಡಡ್ಡ ಆಡಿಸಿದರು. ಇವರಿಗೂ ಗೊತ್ತಿಲ್ಲ ಪಾಪ ಎಂದುಕೊಂಡು ನರಹರಿ ಎದ್ದು ಬಂದ.

ಯಾರಿಗೂ ಹೇಳಬಾರದು ಎಂದು ನರಹರಿ ಕೇಳಿಕೊಂಡಿದ್ದರಿಂದ ನಿಜಾಮುದ್ದೀನರು ತಮ್ಮ ಹೆಂಡತಿ ಶಮೀಮರಿಗೆ ಮಾತ್ರ ಹೇಳಿದರು. ಶಮೀಮ್ ಅನಿತಾಗೆ ಮಾತ್ರ ಹೇಳಿದರು, ಅದೂ ಬಹಳ ಮೆತ್ತಗೆ, ಅವಳ ಕೈ ಹಿಡಿದುಕೊಂಡು. ಅನಿತಾ ಅಳುತ್ತ ಅಡುಗೆಮನೆಗೆ ಬಂದಾಗ ಕಾಂತಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ಹೀಗೆ ಗುಟ್ಟು ಎಲ್ಲೂ ಹೊರಗೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ನರಹರಿ ತಿಂಡಿಗೆ ಕೂತಾಗ ತಟ್ಟೆಯಲ್ಲಿ ಕೇಸರಿಬಾತು ಬಂತು. ಹಬ್ಬವಿಲ್ಲ, ಹುಟ್ಟುಹಬ್ಬವಿಲ್ಲ. ಕಾಂತಮ್ಮ ಹುರುಳಿಕಾಯಿಯನ್ನು ಕೈಯಿಂದ ಮುರಿಯುತ್ತ ಕೂತಿದ್ದರು. ಮನೆಯ ಚಾಕು, ಈಳಿಗೆ, ಕತ್ತರಿ ಎಲ್ಲ ಒಂದು ಸೂಟ್‌ಕೇಸಿಗೆ ಸೇರಿ ಅದಕ್ಕೆ ಬೀಗ ಬಿದ್ದಿತ್ತು. ಅದು ಅವನಿಗೆ ತಿಳಿಯದು.

"ಕೆಲಸ ಹೋದ್ರೆ ಹೋಗ್ಲಿ ಅಳಿಯಂದ್ರೇ" ಎಂದರು ಕಾಂತಮ್ಮ, ಎಂದೂ ಇಲ್ಲದ ಅಕ್ಕರೆಯಿಂದ. "ಮೈಸೂರಿಗೆ ಬಂದ್ಬಿಡಿ. ಮೇಲ್ಗಡೆ ರೂಮು ಖಾಲಿ ಇದೆ. ಸಿಟ್ಟು ಮಾತ್ರ ಮಾಡ್ಕೋಬೇಡಿ. ಸಿಟ್ಟಲ್ಲಿ ಏನ್ ಮಾಡ್ತೀವಿ ಅಂತ ನಮಗೇ ಗೊತ್ತಾಗಲ್ಲ."

ಪಾಸಿನ ವಿಷಯ ಇವರಿಗೂ ತಿಳಿದುಬಿಟ್ಟಿದೆ ಎಂದುಕೊಂಡ ನರಹರಿಯ ಕಣ್ಣು ತೇವವಾಯಿತು. "ಎಲ್ಲಾ ಸೋಮವಾರದೊಳಗೆ ಮುಗಿದುಹೋಗುತ್ತೆ ಅತ್ತೆ. ಆಮೇಲೆ ನಿಮಗೆ ಯೋಚನೆ ಇರಲ್ಲ" ಎಂದ.

ಕಾಂತಮ್ಮನ ಮಡಿಲಿನಿಂದ ಹುರುಳಿಕಾಯಿ ನೆಲಕ್ಕೆ ಚೆಲ್ಲಿತು.

"ಈಗೆಲ್ಲಿಗೆ ಹೊರಟ್ರಿ?" ಎಂದಳು ಅನಿತಾ.

"ಪೇಟೆಗೆ. ಒಂದು ಸಾಮಾನು ಕಣ್ಣಾರೆ ನೋಡ್ಬೇಕು."

ಅವನು ಲಿಫ್ಟು ಹತ್ತುವ ಮೊದಲೇ ಅನಿತಾ ಪಕ್ಕದ ಮನೆಗೆ ಓಡಿದ್ದಳು. ನಿಜಾಮುದ್ದೀನರು ಲುಂಗಿ ಬದಲಿಸಿ, ಮೆಟ್ಟಿಲಿನ ಮೇಲೆ ಹನ್ನೊಂದು ಮಹಡಿ ಇಳಿದು ಹಿಂಬಾಲಿಸಿದರು.

ಕ್ವಾಲಾಲಂಪುರದಲ್ಲಿ ಕೋವಿ ಮಾರುವ ಅಂಗಡಿಗಳು ಕೆಲವು ಇವೆ. ಲೈಸೆನ್ಸ್ ಇರುವ ತೋಟದ ಮಾಲೀಕರು ಹೋಗುವಂಥವು. ನರಹರಿ ಹೋದ ಅಂಗಡಿಯ ಬಾಗಿಲಿಗೆ ಕಬ್ಬಿಣದ ಜಾಲರಿ ಇತ್ತು, ಒಳಗೆ ದಪ್ಪ ಕನ್ನಡಕದ ವೃದ್ಧ ಚೀನೀಯರೊಬ್ಬರು ಪತ್ರಿಕೆ ಓದುತ್ತಿದ್ದರು. ಗೋಡೆಯ ತುಂಬ ಕೋವಿಗಳನ್ನು ಕಂಡು ನರಹರಿ ಬಾಗಿಲಲ್ಲೇ ನಿಂತ. ಎಂಟು ವರ್ಷ ಬಂದರಿನಲ್ಲಿ ವ್ಯವಹಾರ ಮಾಡಿದವನು, ಅಲ್ಲಿನ ಪದ್ಧತಿಯಂತೆ ವಿಚಾರಿಸಬೇಕಾದ ಮಾತನ್ನೆಲ್ಲ ಮರೆತು, "ಅಂಕಲ್, ಎಲ್ಲಕ್ಕಿಂತ ಅಗ್ಗದ ಸ್ಲಗ್ ಗನ್ ಯಾವುದು?" ಎಂದುಬಿಟ್ಟ.

"ಲೈಸೆನ್ಸ್?"

"ಇಲ್ಲ."

"ಐಸಿ ಕಾರ್ಡ್? ಇಲ್ಲಿಯ ಪ್ರಜೆ ಅಂತ?"

"ಇಲ್ಲ. ನಾನು ಇಂಡಿಯಾದವನು. ಪಾಸು ಇದೆ. ಅದೂ ಮುಗಿಯೋಕೆ ಬಂದಿದೆ."

ವೃದ್ಧರು ಪತ್ರಿಕೆಯನ್ನು ನಿಧಾನವಾಗಿ ಮಡಿಸಿದರು. "ಯಾಕೆ ಬೇಕು?"

ನರಹರಿ ಇಲ್ಲಿ ನಿಜ ಹೇಳಬಹುದಿತ್ತು. ಆದರೆ ಅಳಿಯನಿಗೆ ಗೊತ್ತಾಗಬಾರದು ಎಂಬ ಆಜ್ಞೆ ತಲೆಯಲ್ಲಿತ್ತು. ಕೋವಿ ಅಂಗಡಿಯವರಿಗೂ ಬೇಟೆಗಾರರಿಗೂ ಒಂದೇ ನಂಟು, ಸುದ್ದಿ ಒಹಾಯೋ ತಲುಪಿದರೆ? "ಅದು ಗುಟ್ಟು" ಎಂದ.

"ಕೂತ್ಕೋ. ಟೀ ಕುಡಿ" ಎಂದರು ವೃದ್ಧರು ಅತ್ಯಂತ ವಿನಯದಿಂದ, ಮತ್ತು ಒಳಗೆ ಹೋಗಿ ಫೋನು ಮಾಡಿದರು.

ಟೀ ಮುಗಿಯುವ ಮೊದಲೇ ಪೊಲೀಸರು ಬಂದರು. ಅವರ ಹಿಂದೆಯೇ ರಸ್ತೆ ದಾಟಿ ಓಡಿಬಂದ ನಿಜಾಮುದ್ದೀನರು ಎರಡೂ ಕೈ ಮೇಲೆತ್ತಿ, "ಸರ್, ಪ್ಲೀಸ್, ಹಿ ಈಸ್ ಅ ಗುಡ್ ಮ್ಯಾನ್! ಹಿ ಹ್ಯಾಸ್ ಡನ್ ನಥಿಂಗ್ ಯೆಟ್ ಸರ್!" ಎಂದು ಕೂಗಿದರು. ಆ 'ಯೆಟ್', ಎಂದರೆ 'ಇನ್ನೂ', ಎಂಬ ಮಾತು ಪೊಲೀಸರಿಗೆ ಬಹಳ ಹಿಡಿಸಿತು. ಇಬ್ಬರನ್ನೂ ಜೀಪಿಗೆ ಹತ್ತಿಸಿದರು.

ಠಾಣೆಯ ಇನ್ಸ್‌ಪೆಕ್ಟರ್ ರೊಸ್ಲಾನ್ ತಾಳ್ಮೆಯ ಮನುಷ್ಯ. ನರಹರಿಯ ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ರೈಲಿನ ಕಾರ್ಡು, ಎರಡು ಶುಂಠಿ ಪೆಪ್ಪರ್‌ಮಿಂಟು, ನೋಟ್‌ಬುಕ್ಕು. ನೋಟ್‌ಬುಕ್ಕು ತೆರೆದು ಒಬ್ಬ ತಮಿಳು ಕಾನ್‌ಸ್ಟೇಬಲನ್ನು ಕರೆದರು. ಅವನು ಪುಟವನ್ನು ನೇರ, ಓರೆ, ತಲೆಕೆಳಗು ಮೂರು ರೀತಿ ಹಿಡಿದು ನೋಡಿ, "ಎಲ್ಲಾ ಜಿಲೇಬಿ ಸರ್. ತೆಲುಗು ಇರಬೇಕು" ಎಂದು ಕೈಬಿಟ್ಟ.

"ನಾನು ಓದ್ತೀನಿ ಸರ್" ಎಂದರು ನಿಜಾಮುದ್ದೀನರು. ಸತ್ಯ ಹೇಳಿದರೆ ಗೆಳೆಯ ಬಚಾವಾಗುತ್ತಾನೆ ಎಂಬ ನಂಬಿಕೆಯಿಂದ ಅವರು ಒಂದಕ್ಷರವನ್ನೂ ಬಿಡದೆ ಇಂಗ್ಲಿಷಿಗೆ ಇಳಿಸತೊಡಗಿದರು.

"ದಾತುಕ್‌ಗೆ. ಸೋಮವಾರದೊಳಗೆ ಮುಗಿಸಬೇಕು.

"ಒಂದೇ ಏಟಿಗೆ ಬೀಳಬೇಕು. ಎರಡನೇ ಏಟಿಗೆ ಸಮಯ ಸಿಗುವುದಿಲ್ಲ.

"ತಲೆಗೆ ಬೇಡ. ಭುಜದ ಹಿಂದೆ, ಎದೆಗೆ.

"ಎಪ್ಪತ್ತೈದು ಗಜಕ್ಕಿಂತ ಹತ್ತಿರವಾದರೆ ಅಗ್ಗದ್ದೇ ಸಾಕು.

"ಅಳಿಯನಿಗೆ ಗೊತ್ತಾಗಬಾರದು."

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ಬಂದು ನಿಂತ. ಇಡೀ ನೋಟ್‌ಬುಕ್ಕಿನಲ್ಲಿ ಜಿಂಕೆ ಎಂಬ ಪದ ಎಲ್ಲೂ ಇರಲಿಲ್ಲ. ಅದು ಜಿಂಕೆಯ ವಿಷಯ ಎಂದು ಬರೆದವನಿಗೆ ಚೆನ್ನಾಗಿ ಗೊತ್ತಿದ್ದುದರಿಂದ ಬರೆದುಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

"ಜಿಂಕೆ ಸರ್!" ಎಂದು ನರಹರಿ ಎದ್ದು ನಿಂತ. "ಇದೆಲ್ಲಾ ಜಿಂಕೆಗೆ! ಕೋವಿ ದಾತುಕ್‌ಗೆ, ಏಟು ಜಿಂಕೆಗೆ! ಅಮೆರಿಕದಲ್ಲಿ!"

"ಕೂತ್ಕೋ" ಎಂದರು ಇನ್ಸ್‌ಪೆಕ್ಟರು. "ದಾತುಕ್ ಯಾರು? ನಂಬರ್ ಕೊಡು."

ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ದಾತುಕರ ದಪ್ಪ ದನಿ ಠಾಣೆಯನ್ನು ತುಂಬಿತು. ನರಹರಿ ಎಂಬವನು ನಿಮಗೆ ಗೊತ್ತೇ, ಎಂಥ ಮನುಷ್ಯ ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಾರಿ? ಗೊತ್ತಿಲ್ಲದೆ ಏನು!" ದಾತುಕ್ ತಮ್ಮ ನೌಕರನನ್ನು ಕಾಪಾಡುವ ಹುರುಪಿನಲ್ಲಿದ್ದರು. "ಕೂರ್ಗ್ ಬೇಟೆಗಾರ ಲಾ! ಅವನ ಮನೆಯಲ್ಲೆಲ್ಲ ಕೋವಿ. ಎಷ್ಟು ಹೊಡೆದಿದ್ದಾನೆ ಅಂತ ಅವನಿಗೇ ಲೆಕ್ಕ ಇಲ್ಲ! ನೋಡೋಕೆ ಮಾತ್ರ ಮೆತ್ತಗಿದ್ದಾನೆ!"

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು ನರಹರಿಯನ್ನು ಮೊದಲ ಸಲ ಸರಿಯಾಗಿ ನೋಡಿದರು.

ನರಹರಿಯ ಮುಂದೆ ಈಗ ಎರಡು ಬಾಗಿಲು. ಬೇಟೆಗಾರ ಎಂದು ಒಪ್ಪಿಕೊಂಡರೆ ಪಾಸು ಉಳಿಯಬಹುದು, ಆದರೆ ಲೆಕ್ಕವಿಲ್ಲದಷ್ಟು ಹೊಡೆದವನನ್ನು ಇವರು ಬಿಡುವುದಿಲ್ಲ. ಅಲ್ಲ ಎಂದರೆ ಇವರು ಬಿಡಬಹುದು, ದಾತುಕ್ ಬಿಡುವುದಿಲ್ಲ. ಅನನ್ಯಳ ಸ್ಕೂಲು, ಹನ್ನೊಂದನೆಯ ಮಹಡಿಯ ಮನೆ, ಅತ್ತೆಯ ಮೇಲ್ಗಡೆ ರೂಮು ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಬೆತ್ತವೂ ಬಂತು.

"ದಾತುಕ್, ಕ್ಷಮಿಸಿ" ಎಂದ ಅವನು ಫೋನಿನ ಕಡೆ ಬಾಗಿ. "ನಾನು ಒಂದು ಸೊಳ್ಳೆಯನ್ನೂ ನೆಟ್ಟಗೆ ಹೊಡೆದಿಲ್ಲ. ನಾವು ಮೊಟ್ಟೆ ಕೂಡ ತಿನ್ನಲ್ಲ. ಕೊಡಗಿನಲ್ಲಿ ನಾವಿದ್ದದ್ದು ಬಾಡಿಗೆ ಮನೆಯಲ್ಲಿ. ಕೋವಿ ಹಿಡಿದದ್ದು ಒಂದೇ ಸಲ, ಬಲೂನಿಗೆ. ಅದೂ ತಾಗಲಿಲ್ಲ, ಬಲ್ಬು ಹೋಯಿತು."

ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು. ಆಮೇಲೆ ದಾತುಕ್, "ಇನ್ಸ್‌ಪೆಕ್ಟರ್, ಕೋವಿ ವಿಚಾರ ನಿಜ. ನನಗೇ. ಒಹಾಯೋದಲ್ಲಿ. ಅವನನ್ನ ಮನೆಗೆ ಕಳಿಸಿ" ಎಂದು ಹೇಳಿ ಫೋನು ಇಟ್ಟರು. ನರಹರಿಗೆ ಒಂದು ಮಾತೂ ಹೇಳಲಿಲ್ಲ.

ಇನ್ಸ್‌ಪೆಕ್ಟರು ಹೇಳಿಕೆ ಬರೆಸಿಕೊಂಡು, ಇನ್ನು ಮುಂದೆ ಅಂಥ ಅಂಗಡಿಯ ಕಡೆ ತಲೆಹಾಕಬೇಡ ಎಂದು ಬುದ್ಧಿ ಹೇಳಿ ಬಿಟ್ಟರು. ದಾರಿಯುದ್ದಕ್ಕೂ ನಿಜಾಮುದ್ದೀನರು, "ಜಿಂಕೆಗೆ ಅಂತ ಒಂದ್ ಮಾತು ಹೇಳಬಾರ್ದೇನ್ರೀ? ಮೂರೇ ಅಕ್ಷರ!" ಎಂದು ಹೇಳುತ್ತಲೇ ಬಂದರು.

ಮನೆಯಲ್ಲಿ ವಿಷಯ ತಿಳಿದ ಅನಿತಾ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎರಡು ದಿನ ಮಾತು ಬಿಟ್ಟಳು. ಕಾಂತಮ್ಮ ಸೂಟ್‌ಕೇಸಿನ ಬೀಗದ ಕೈ ಎಲ್ಲಿಟ್ಟೆನೆಂದು ಮರೆತಿದ್ದರಿಂದ ಭಾನುವಾರವೂ ಮುರಿದ ಹುರುಳಿಕಾಯಿಯ ಪಲ್ಯವೇ ಆಯಿತು. ನರಹರಿ ಮಾತ್ರ ಮೂಲೆಯಲ್ಲಿ ಕೂತು ಒಂದು ಹಾಳೆ ಬರೆದ. ಕೆಲಸ ಹೋಗುವುದಿದ್ದರೂ ಒಪ್ಪಿಕೊಂಡ ಕಾಗದವನ್ನು ಅರ್ಧಕ್ಕೆ ಬಿಡುವುದು ಅವನ ಜಾಯಮಾನವಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದಾತುಕ್ ಕರೆಸಿದರು. ಕೋಣೆಯ ಬಾಗಿಲು ಮುಚ್ಚಲು ಹೇಳಿದರು. ನರಹರಿ ಹಾಳೆಯನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತ. ದಾತುಕ್ ಕನ್ನಡಕ ಹಾಕಿಕೊಂಡು ಓದಿದರು. ಒಂದೇ ತೋಟಾ ಹಿಡಿಯುವ, ಮಡಿಸಿ ತುಂಬುವ ಕೋವಿ. ಇಪ್ಪತ್ತನೇ ನಂಬರು, ಯಾಕೆಂದರೆ ದಾತುಕರ ಬಲ ಹೆಗಲು ಎರಡು ವರ್ಷದ ಹಿಂದೆ ಆಪರೇಷನ್ ಆದದ್ದು. ಒಳಗೆ ಗೆರೆಯಿರುವ ದಪ್ಪ ನಳಿಗೆ, ಭಾರ ಜಾಸ್ತಿ, ಒದೆತ ಕಮ್ಮಿ. ಟ್ರಿಗರ್ ಎಳೆಯುವ ಮುನ್ನ ಹೆಬ್ಬೆರಳಿನಿಂದ ಕೋವಿಯ ಹಿಂಬದಿಯ ಪುಟ್ಟ ಸುತ್ತಿಗೆಯನ್ನು ಹಿಂದಕ್ಕೆ ಎಳೆಯಬೇಕಾದ್ದರಿಂದ ಅಪ್ಪಿತಪ್ಪಿ ಹಾರುವ ಭಯ ಕಡಿಮೆ. ಬೆಲೆ ಮುನ್ನೂರು ಡಾಲರಿನೊಳಗೆ. ಉಳಿದ ಏಳು ಕೋವಿಗಳು ಯಾಕೆ ಬೇಡ ಎಂಬುದಕ್ಕೆ ಹಿಂಬದಿಯಲ್ಲಿ ಒಂದೊಂದು ಸಾಲು.

"ಇದೆಲ್ಲ ಒಂದು ಬಲ್ಬು ಒಡೆದವನು ಬರೆದದ್ದಾ?"

"ಹೌದು ದಾತುಕ್."

ದಾತುಕ್ ಮೇಜಿನ ಮೂಲೆಯಿಂದ ಪಾಸಿನ ಅರ್ಜಿ ಎಳೆದು, ಎರಡು ಕಡೆ ಸಹಿ ಹಾಕಿ, ಅವನ ಕಡೆ ತಳ್ಳಿದರು. ನರಹರಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊರಡಲು ತಿರುಗಿದ.

"ಎಲ್ಲಿಗೆ? ನಿಲ್ಲು. ಎರಡು ಸಾವಿರದಲ್ಲಿ ಮುನ್ನೂರು ಹೋದರೆ ಸಾವಿರದ ಏಳುನೂರು ಉಳೀತು. ಅದು ನಿನ್ನ ಟಿಕೆಟಿಗೆ. ವೀಸಾ ಕಾಗದ ನೀನೇ ತಯಾರು ಮಾಡು."

"ನಾನಾ? ದಾತುಕ್, ಮೊನ್ನೆ ಹೇಳಿದೆನಲ್ಲ, ನನ್ನಿಂದ ಒಂದು ಪ್ರಾಣಿ ಹೊಡೆಯೋದು..."

"ನಿನಗೆ ಹೊಡಿ ಅಂದೋರು ಯಾರು ಲಾ?" ದಾತುಕ್ ಬಾಗಿಲ ಕಡೆ ಒಮ್ಮೆ ನೋಡಿದರು. ದನಿ ತಗ್ಗಿತು. ಎಂಟು ವರ್ಷದಲ್ಲಿ ಆ ದನಿ ಅಷ್ಟು ತಗ್ಗಿದ್ದನ್ನು ನರಹರಿ ಕೇಳಿರಲಿಲ್ಲ. "ಆ ಚಿತ್ರ ನೋಡಿದೆಯಲ್ಲ, ಜಿಂಕೆಯ ಕಣ್ಣು ತೆರೆದೇ ಇತ್ತು. ನನಗೆ ಅದು ಆಗಲ್ಲ ನಾರಿ. ಬಕ್ರೀದಿಗೂ ನಾನು ಮನೆಯೊಳಗೇ ಇರ್ತೀನಿ. ಅಳಿಯನ ಮುಂದೆ ಇದನ್ನ ಹೇಳೋಕಾಗುತ್ತಾ? ನೀನು ನನ್ನ ಪಕ್ಕ ಮರದ ಮೇಲಿನ ಅಟ್ಟಣೆಯಲ್ಲಿ ಕೂತಿರು. ಜಿಂಕೆ ಬಂದ ತಕ್ಷಣ ಕೆಮ್ಮು. ಓಡಿಹೋಗುತ್ತೆ. ಎಲ್ಲರೂ ನಿನ್ನನ್ನ ಬೈತಾರೆ, ನಾನೂ ಬೈತೀನಿ."

ಗಾಬರಿಗೆ ನರಹರಿಗೆ ತಾನಾಗಿಯೇ ಒಂದು ಕೆಮ್ಮು ಬಂತು.

ದಾತುಕ್ ತಲೆ ಓರೆ ಮಾಡಿ ಗಮನವಿಟ್ಟು ಕೇಳಿದರು.

"ಇನ್ನೂ ಸ್ವಲ್ಪ ಜೋರಾಗಿ" ಎಂದರು.